ಗಾಡಿಯ ಬುಷ್ಷು, ಹೆಂಡತಿಯ ಬೆನ್ನು

ಸಿಟ್ಟಿನ ಮನುಷ್ಯ ಎಲ್ಲಿ ಕಾಲಿಟ್ಟರೂ ಅಲ್ಲೊಂದು ನಗುವ ಪ್ರಸಂಗ ಹುಟ್ಟುತ್ತದೆ. ನಗುವವರು ಉಳಿದವರು. ಅದು ತಮಾಷೆ ಅಂತ ಅವನಿಗೆ ಗೊತ್ತಾಗುವುದು ಎರಡು ತಿಂಗಳ ಮೇಲೆ. ನನಗೆ ಈಗ ಗೊತ್ತಾಗುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಹುಬ್ಬಳ್ಳಿಯಿಂದ ನಾಗಪುರಕ್ಕೆ ವರ್ಗವಾಗಿ ಬಂದ ರೈಲ್ವೆ ಫಿಟ್ಟರ್. ಓದಿದ್ದು ಏಳನೆಯ ಇಯತ್ತೆ. ಕಾನೂನು ಕಲಿತದ್ದು ಜೆರಾಕ್ಸ್ ಕಾಗದಗಳಿಂದ. ಯೂನಿಯನ್ನಿನಲ್ಲಿದ್ದೆ, ನಿವೃತ್ತನಾದೆ, ಈಗ ಕಳಮನಾ ಕಡೆಯ ನಮ್ಮ ಬಡಾವಣೆಯ ನಾಗರಿಕ ಸಮಿತಿಗೆ ಕಾರ್ಯದರ್ಶಿ. ರಸ್ತೆ, ಗಟಾರ, ನೀರು, ದೀಪ, ಯಾವುದು ಕೆಟ್ಟರೂ ಜನ ನನ್ನ ಬಾಗಿಲಿಗೆ ಬರುತ್ತಾರೆ. ಈ ಸಲ ಕೆಟ್ಟದ್ದು ನನ್ನದೇ ಕಾರಿನ ಬುಷ್.

ಬುಷ್ ಅಂದರೇನು ಅಂತ ಮೊದಲು ಹೇಳಿಬಿಡುತ್ತೇನೆ. ಕಾರಿನ ಗಾಲಿಯನ್ನು ಹಿಡಿದುಕೊಂಡ ಒಂದು ಕಬ್ಬಿಣದ ತೋಳಿರುತ್ತದೆ. ಆ ತೋಳು ಗಾಡಿಯ ಮೈಗೆ ಸೇರುವ ಕಡೆ ಮುಷ್ಟಿಯಷ್ಟು ರಬ್ಬರು, ನಡುವೆ ಬೋಲ್ಟಿಗೊಂದು ತೂತು. ಗಾಲಿ ಗುಂಡಿಗೆ ಬಿದ್ದಾಗ ಆ ಏಟು ಮೇಲೆ ಕೂತವರಿಗೆ ಪೂರ್ತಿ ಮುಟ್ಟದಂತೆ ಈ ರಬ್ಬರು ನಡುವೆ ನಿಂತು ನುಂಗಿಕೊಳ್ಳುತ್ತದೆ. ನಾನು ಕಂಡ ಸೂಪರ್‌ವೈಸರ್‌ಗಳು ಮೇಲಿನಿಂದ ಬಂದ ಒದೆಯನ್ನು ಹಾಗೇ ಕೆಳಗೆ ದಾಟಿಸುತ್ತಿದ್ದರು. ಬುಷ್ ಕೆಳಗಿನಿಂದ ಬಂದ ಒದೆಯನ್ನು ಮೇಲೆ ದಾಟಿಸುವುದಿಲ್ಲ. ಅಷ್ಟರ ಮಟ್ಟಿಗೆ ಅದು ಮರ್ಯಾದಸ್ಥ.

೧. ಯಾರನ್ನು ತೋರಿಸಬೇಕು

ನನ್ನ ಹೆಂಡತಿಗೆ ಸೊಂಟದ ಡಿಸ್ಕ್ ಜರುಗಿತ್ತು. ದೊಡ್ಡ ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು: "ಎರಡು ತಿಂಗಳು ಫಿಸಿಯೊಥೆರಪಿ. ತಪ್ಪಿಸಬೇಡಿ. ತಪ್ಪಿಸಿದರೆ ಆಪರೇಷನ್." ಅವಳಿಗೆ ಆಪರೇಷನ್ ಅಂದರೆ ಜೀವಭಯ. ನನಗೂ, ಆದರೆ ನಾನು ಹೇಳುವುದಿಲ್ಲ.

ಕ್ಲಿನಿಕ್ ಊರಿನ ಇನ್ನೊಂದು ತುದಿಯಲ್ಲಿ. ನಮ್ಮ ಕಡೆಯ ರಸ್ತೆಯನ್ನು ಈರುಳ್ಳಿ, ಕಿತ್ತಳೆ ಹೇರಿದ ಲಾರಿಗಳು ಉತ್ತು ಬಿಟ್ಟಿವೆ, ಬಿತ್ತುವುದೊಂದು ಬಾಕಿ. ಆಟೊದಲ್ಲಿ ಒಂದು ದಿನ ಹೋಗಿ ಎರಡು ದಿನ ಮಲಗಿದಳು. ಮೆಟ್ರೊ ಇಳಿದ ಮೇಲೂ ಆಟೊವೇ ಹಿಡಿಯಬೇಕು. ಹಾಗಾಗಿ ವಾರಕ್ಕೆ ಮೂರು ದಿನ ನಮ್ಮ ಹಳೆಯ ಕಾರಿನಲ್ಲೇ ಹೊರಟೆವು. ಪ್ರತಿ ಗುಂಡಿಗೂ ಗಾಡಿಯ ಹೊಟ್ಟೆಯೊಳಗೆ 'ಧಡ್' ಅನ್ನುವುದು, ಪಕ್ಕದಲ್ಲಿ ಇವಳು 'ಅಯ್ಯವ್ವ' ಅನ್ನುವುದು.

ಮೂರನೆಯ ವಾರ ಫಿಸಿಯೊಥೆರಪಿಯ ಹುಡುಗಿ, ನಮ್ಮ ಮಗಳ ವಯಸ್ಸಿನವಳು, ನನ್ನನ್ನು ಒಳಗೆ ಕರೆದಳು. ಮರಾಠಿಯಲ್ಲಿ ಕೇಳಿದಳು: "ಕಾಕಾ, ಕಾಕೂನ ಬೆನ್ನನ್ನು ನಾನು ನೋಡ್ತಿದ್ದೀನಿ. ನಿಮ್ಮ ಗಾಡಿಯನ್ನು ಯಾರು ನೋಡ್ತಿದ್ದಾರೆ?"

ನನಗೆ ರೇಗಿತು. "ಗಾಡಿಯದೇನು ತಪ್ಪು? ತಪ್ಪು ರಸ್ತೆಯದು. ಕಂತ್ರಾಟುದಾರನದು. ನಾನು ಹನ್ನೊಂದು ಅರ್ಜಿ ಕೊಟ್ಟಿದ್ದೇನೆ. ಹನ್ನೆರಡನೆಯದು ಜೇಬಿನಲ್ಲೇ ಇದೆ, ಓದಲಾ?"

ಮೇಜಿನ ಮೇಲೆ ಬೋರಲು ಮಲಗಿದ್ದ ಹೆಂಡತಿ ಕತ್ತೆತ್ತದೆ ಹೇಳಿದಳು: "ಓದಬ್ಯಾಡ್ರಿ. ನೀವು ರಸ್ತೆ ರಿಪೇರಿ ಮಾಡ್ಸೂತನಾ ನಾ ಇರ್ತೀನೋ ಇಲ್ಲೋ. ಮೊದಲ ಗಾಡಿ ತೋರಸ್ರಿ."

೨. ಇಡೀ ತೋಳು

ನಮ್ಮ ಮೆಕ್ಯಾನಿಕನನ್ನು ಎಲ್ಲರೂ ಉಸ್ತಾದ್ ಅನ್ನುತ್ತಾರೆ. ಅರವತ್ತು ದಾಟಿದೆ. ಗಾಡಿಯನ್ನು ರೋಗಿಯ ಹಾಗೆ ಮಾತಾಡಿಸುತ್ತಾನೆ. ಕಾರನ್ನು ಗ್ಯಾರೇಜಿನ ರಿಪೇರಿ ಹೊಂಡದ ಮೇಲೆ ನಿಲ್ಲಿಸಿ, ಕೆಳಗಿಳಿದು, ಒಂದು ಸಬ್ಬಲಿನಿಂದ ತೋಳನ್ನು ಮೀಟಿ ನೋಡಿದ. ರಬ್ಬರು ಸೀಳಿ ಎರಡು ಹೋಳಾಗಿತ್ತು.

"ಕಾಕಾ, ಇದು ತೀರಿಕೊಂಡು ಬಹಳ ದಿನ ಆಯ್ತು. ನೀವು ಹೆಣ ಹೊತ್ತುಕೊಂಡು ತಿರುಗ್ತಿದ್ದೀರಿ."

"ಹಾಕು ಹೊಸದು."

"ಕಂಪನಿಯದು ಸಿಗುತ್ತಾ ಕೇಳಿ ಬನ್ನಿ."

ಹೋದೆ. ಕಂಪನಿಯ ಸರ್ವಿಸ್ ಸೆಂಟರ್ ಅಂದರೆ ಗಾಜಿನ ಅರಮನೆ. ಒಳಗೆ ಹಲ್ಲು ಕಡಿಯುವಷ್ಟು ತಣ್ಣಗೆ. ಕೌಂಟರಿನ ಹುಡುಗ ಕಂಪ್ಯೂಟರು ಒತ್ತಿ ಹೇಳಿದ: "ಸರ್, ಬುಷ್ ಬಿಡಿಯಾಗಿ ಬರೋದಿಲ್ಲ. ಇಡೀ ತೋಳೇ ಬದಲಿಸಬೇಕು. ಒಂದು ಬದಲಿಸಿದರೆ ಎರಡೂ ಬದಲಿಸಬೇಕು. ಆಗ ಗಾಲಿಯ ಲೈನೂ..."

ನಾನು ಮಾತು ಮುಗಿಸಲು ಬಿಡಲಿಲ್ಲ. "ತಮ್ಮಾ, ನಿನ್ನ ಚಪ್ಪಲಿಯ ಉಂಗುಷ್ಟ ಕಿತ್ತರೆ ಕಾಲನ್ನೇ ಬದಲಿಸ್ತೀಯಾ? ಇಡ್ಲಿಯಷ್ಟು ರಬ್ಬರಿಗೆ ಈ ಕಬ್ಬಿಣ ಯಾಕೆ ಎಸೆಯಬೇಕು? ಈ ಕಬ್ಬಿಣ ಏನು ತಪ್ಪು ಮಾಡಿದೆ? ಇದನ್ನು ಎರಕ ಹೊಯ್ದವನ ಬೆವರಿಗೆ ಬೆಲೆ ಇಲ್ಲವಾ?"

ದನಿ ತಾನಾಗಿ ಏರಿತು. ಸೋಫಾಗಳಲ್ಲಿ ಕೂತ ಜನ ಮೊಬೈಲು ಕೆಳಗಿಟ್ಟರು. ನಾನು ಬಳಸಿ ಎಸೆಯುವ ಪದ್ಧತಿಯ ಬಗ್ಗೆ, ಗ್ರಾಹಕನ ಗುಲಾಮಗಿರಿಯ ಬಗ್ಗೆ ಕಾಲು ತಾಸು ಮಾತಾಡಿದೆ. ಒಬ್ಬರು ಚಪ್ಪಾಳೆಯನ್ನೂ ತಟ್ಟಿದರು. ಹುಡುಗ ಕೈಕಟ್ಟಿ ನಿಂತು ಒಂದೊಂದು ಶಬ್ದವನ್ನೂ ಕೇಳಿದ. ಇವನ ಎದೆಗೆ ನಾಟಿತು ಅಂದುಕೊಂಡೆ. ಮುಗಿದ ಮೇಲೆ ಬಗ್ಗಿ, ಮೆಲ್ಲಗೆ ಹೇಳಿದ:

"ಸರ್, ನಮ್ಮ ಸೇವೆ ಹೇಗಿತ್ತು ಅಂತ ಸಂಜೆ ಕಂಪನಿಯಿಂದ ಒಂದು ಫೋನ್ ಬರುತ್ತೆ. ನನಗೆ ಹತ್ತಕ್ಕೆ ಹತ್ತು ಕೊಡಿ."

೩. ಕೆಂಪು

ಇನ್ನು ಉಳಿದದ್ದು ಹೊರಗಿನ ಮಾಲು. ಗಾಂಧಿಬಾಗಿನ ಸಂದಣಿ ದಾಟಿ, ಸ್ಕೂಟರುಗಳ ಕನ್ನಡಿಗೆ ಮೊಣಕೈ ಕೊಡುತ್ತ ಒಂದು ಗಲ್ಲಿಯಲ್ಲಿ ನಡೆದರೆ ಕಾರಿನ ಬಿಡಿಭಾಗಗಳ ಅಂಗಡಿ. ಕಾರು ಅಲ್ಲಿಗೆ ಹೋಗುವುದಿಲ್ಲ. ಕಾರಿನ ಬೇನೆಯನ್ನು ಬಾಯಲ್ಲಿ ಹೊತ್ತುಕೊಂಡು ಹೋಗಬೇಕು.

ಸೇಠ್ ಕೇಳಿದ: "ಗಾಡಿ ಯಾತಕ್ಕೆ ಬೇಕು ಕಾಕಾ? ರೇಸಿಗಾ, ಆರಾಮಿಗಾ?"

"ಹೆಂಡತಿಯನ್ನು ಆಸ್ಪತ್ರೆಗೆ ಕರೆದೊಯ್ಯಲಿಕ್ಕೆ. ಉಳಿದ ಹೊತ್ತು ಅನ್ಯಾಯ ಎದುರಿಸಲಿಕ್ಕೆ."

"ಅಂದರೆ ಆರಾಮಿಗೆ" ಅಂತ ಕಪ್ಪು ರಬ್ಬರಿನ ಜೋಡಿಯನ್ನು ಮುಂದೆ ತಳ್ಳಿದ.

ನಾನು ಹೆಬ್ಬೆರಳಿನಿಂದ ಒತ್ತಿ ನೋಡಿದೆ. ಬಗ್ಗಿತು. ರೈಲ್ವೆಯ ಕೈ ಇದು. ಹೆಬ್ಬೆರಳಿಗೆ ಬಗ್ಗಿದ್ದು ಭಾರಕ್ಕೂ ಬಗ್ಗುತ್ತದೆ ಅಂತ ಕಲಿತ ಕೈ. "ಇದಕ್ಕಿಂತ ಗಟ್ಟಿ ಇಲ್ಲವಾ?"

ಸೇಠ್ ಒಲ್ಲದ ಮನಸ್ಸಿನಿಂದ ಮೇಲಿನ ಖಾನೆಯಿಂದ ಇನ್ನೊಂದು ಡಬ್ಬಿ ಇಳಿಸಿದ. ಒಳಗೆ ಪಾಲಿಯುರೆಥೇನ್ ಬುಷ್. ರಬ್ಬರಲ್ಲ, ಪ್ಲಾಸ್ಟಿಕ್ಕಿನ ದಾಯಾದಿ, ರೇಸಿನವರು ಹಾಕಿಸುವುದು. ಹೆಬ್ಬೆರಳೇ ನೋಯಿತು, ಅದು ಜಗ್ಗಲಿಲ್ಲ. ಬಣ್ಣ ಕೆಂಪು. ಅಂಥಿಂಥ ಕೆಂಪಲ್ಲ. ಮೂವತ್ತು ವರ್ಷ ನಾನು ಯಾವ ಬಾವುಟ ಹಿಡಿದು ಗೇಟಿನ ಮುಂದೆ ನಿಂತಿದ್ದೆನೋ ಅದೇ ಕೆಂಪು.

ಸೇಠ್ ಹೇಳಿದ: "ಕಾಕಾ, ಇದು ಗಟ್ಟಿ ನಿಜ. ಆದರೆ ಕಾಕೂಗೆ..."

ಪಕ್ಕದ ಗಿರಾಕಿ ಹೇಳಿದ: "ಕಪ್ಪೇ ಬರೋಬರ್, ಕಾಕಾ."

ಹಿಂದಿನವನೂ ಹೇಳಿದ. ಮೂರು ಜನ ಒಂದೇ ಮಾತು ಹೇಳಿದರೆ ನನಗೆ ಅದರಲ್ಲಿ ಒಳಸಂಚು ಕಾಣುತ್ತದೆ. "ಕೆಂಪು ಕೊಡಿ" ಅಂದೆ.

ಮನೆಗೆ ತಂದು ಹೆಂಡತಿಗೆ ತೋರಿಸಿದೆ. ಕೈಯಲ್ಲಿ ಹಿಡಿದು ತಿರುವಿ ನೋಡಿದಳು. ಬೆರಳಿನಿಂದ ಬಾರಿಸಿದಳು. 'ಟಣ್' ಅಂದಿತು.

"ಝಂಡಾ ನಿಮ್ಮದು, ಖರೆ," ಅಂದಳು. "ಬೆನ್ನು ನಂದು ಅದ ರೀ."

೪. ಬಿಟ್ಟಿ ಪುಡಿಕೆ

ಅವತ್ತು ಅಂಗಡಿಯಿಂದ ಹೊರಡುವಾಗ ಸೇಠ್ ಡಬ್ಬಿಯ ಜೊತೆ ಒಂದು ಸಣ್ಣ ಪುಡಿಕೆ ಇಟ್ಟಿದ್ದ. ಅಂಗಡಿಯವರು ಕೊಡುವ ಬಿಟ್ಟಿ ಸಾಮಾನಿನ ಮೇಲೆ ನನಗೆ ಮೊದಲಿನಿಂದ ದ್ವೇಷ. ಬಿಟ್ಟಿ ಡೈರಿ, ಬಿಟ್ಟಿ ಪೆನ್ನು, ಬಿಟ್ಟಿ ಕ್ಯಾಲೆಂಡರು, ಇವೆಲ್ಲ ಲಂಚದ ಮೊದಲ ಮೆಟ್ಟಿಲು. ಎಷ್ಟು ಒಳ್ಳೆಯ ಯೂನಿಯನ್ ಮುಖಂಡರು ಒಂದು ಗೋಡೆ ಗಡಿಯಾರಕ್ಕೆ ಮಾರಿಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. "ನಾನು ಬಿಟ್ಟಿ ಮುಟ್ಟುವವನಲ್ಲ" ಅಂತ ಪುಡಿಕೆಯನ್ನು ಸೇಠನ ಗಲ್ಲಾದ ಮೇಲೆ ತಿರುಗಿ ಇಟ್ಟೆ. ಅವನು ಏನೋ ಹೇಳಬೇಕೆಂದು ಬಾಯಿ ತೆರೆದ. ನಾನು ಕೈ ಎತ್ತಿ ತಡೆದೆ. ಅಂಗಡಿಯಲ್ಲಿದ್ದವರೆಲ್ಲ ನನ್ನ ಪ್ರಾಮಾಣಿಕತೆ ನೋಡಿ ಮೂಕರಾದರು ಅಂತ ಅವತ್ತು ತಿಳಿದಿದ್ದೆ.

ಉಸ್ತಾದ್ ತೋಳು ಬಿಚ್ಚಿ, ಸತ್ತ ರಬ್ಬರನ್ನು ಪ್ರೆಸ್ಸಿನಲ್ಲಿ ಒತ್ತಿ ಹೊರಗೆ ಹಾಕಿದ. ಕೆಂಪು ಬುಷ್ ಕೈಗೆತ್ತಿಕೊಂಡ. ಡಬ್ಬಿಯನ್ನು ತಲೆಕೆಳಗೆ ಮಾಡಿ ಕುಲುಕಿದ.

"ಪುಡಿಕೆ ಎಲ್ಲಿ ಕಾಕಾ?"

"ಯಾವ ಪುಡಿಕೆ?"

"ಇದರ ಗ್ರೀಸು. ಇದಕ್ಕೆ ಬೇರೆ ಗ್ರೀಸು ಹಚ್ಚಬೇಕು, ಡಬ್ಬಿಯ ಜೊತೆಗೇ ಬರುತ್ತೆ. ಹಚ್ಚದಿದ್ದರೆ ಕೂಗುತ್ತೆ."

ಪುಡಿಕೆ ತಿರುಗಿಸಿ ಕೊಟ್ಟೆ ಅಂತ ಹೇಳುವ ಧೈರ್ಯ ಬರಲಿಲ್ಲ. ತಿರುಗಿ ಗಾಂಧಿಬಾಗಿಗೆ ಹೋಗಿ ಅದೇ ಸೇಠನ ಮುಂದೆ ಕೈಯೊಡ್ಡುವ ಧೈರ್ಯ ಮೊದಲೇ ಇಲ್ಲ.

"ಕೂಗಲಿ ಬಿಡು ಉಸ್ತಾದ್," ಅಂದೆ. "ನಾನೂ ಹುಟ್ಟಿದಾಗಿನಿಂದ ಕೂಗ್ತಿದ್ದೀನಿ. ನನಗೆ ಯಾರಾದರೂ ಗ್ರೀಸು ಹಚ್ಚಿದರಾ?"

ಮೂರನೆಯ ದಿನ ಕೂಗಿತು. 'ಕ್ರೀಂಯ್...' ಅಂತ, ಬಾವಿಯ ರಾಟೆಗೆ ಎಣ್ಣೆ ತಪ್ಪಿದ ಹಾಗೆ, ಪ್ರತಿ ಉಬ್ಬಿಗೊಂದು. ನಮ್ಮ ಬೀದಿಯಲ್ಲಿ ಅದಕ್ಕೆ ಮೊದಲು ದನಿಗೂಡಿಸಿದವು ನಾಯಿಗಳು. ಆಮೇಲೆ ಒಂದು ಎಮ್ಮೆ.

೫. ಗುಪ್ತ ದಾಳಿ

ನಮ್ಮ ಸಮಿತಿಯಲ್ಲಿ ಕೆಲಸ ಮಾಡುವವರು ನಾಲ್ಕೇ ಜನ. ಅಧ್ಯಕ್ಷರು ನಿವೃತ್ತ ಪೋಸ್ಟ್‌ಮನ್. ಖಜಾಂಚಿ ಹಿಟ್ಟಿನ ಗಿರಣಿಯವನು, ನೂರಾ ಹತ್ತು ಕಿಲೊ ತೂಗುವ ಆಳು. ಇನ್ನೊಬ್ಬರು ಸಲಹೆಗಾರರು, ಅವರ ಕೆಲಸ ಏನೆಂದು ನಮಗೂ ಅವರಿಗೂ ಗೊತ್ತಿಲ್ಲ. ನಾಲ್ಕನೆಯವನು ನಾನು.

ನಮ್ಮ ಕಡೆಯ ರಸ್ತೆಗೆ ಒಬ್ಬ ಇಂಜಿನಿಯರ್ ಇದ್ದ. ಯಾವಾಗ ಹೋದರೂ 'ಸಾಹೇಬರು ಸೈಟಿಗೆ ಹೋಗಿದ್ದಾರೆ'. ಯಾವ ಸೈಟಿಗೆ ಹೋದರೂ 'ಸಾಹೇಬರು ಕಚೇರಿಯಲ್ಲಿದ್ದಾರೆ'. ಇವನನ್ನು ಹಿಡಿಯಬೇಕಾದರೆ ಗುಪ್ತ ದಾಳಿಯೇ ದಾರಿ ಅಂತ ಸಭೆಯಲ್ಲಿ ಠರಾವಾಯಿತು. ಮುಂಚೆ ಫೋನಿಲ್ಲ, ಅರ್ಜಿಯಿಲ್ಲ, ಬ್ಯಾನರಿಲ್ಲ. ನಾಲ್ಕು ಜನ, ಒಂದೇ ಕಾರು, ಬೆಳಿಗ್ಗೆ ಹನ್ನೊಂದಕ್ಕೆ ನೇರ ಅವನ ಮೇಜಿನ ಮುಂದೆ.

ಕಚೇರಿಗೆ ಹೋಗುವ ದಾರಿಯಲ್ಲಿ ಒಂಬತ್ತು ಸ್ಪೀಡ್ ಬ್ರೇಕರ್. ಮೊದಲನೆಯದಕ್ಕೆ 'ಕ್ರೀಂಯ್' ಅಂದಾಗ ಅಧ್ಯಕ್ಷರು ನನ್ನ ಮುಖ ನೋಡಿದರು. ಎರಡನೆಯದಕ್ಕೆ ಸಲಹೆಗಾರರು "ಮೆಲ್ಲಗೆ ಹತ್ತಿಸಿ" ಅಂತ ಸಲಹೆ ಕೊಟ್ಟರು. ಮೆಲ್ಲಗೆ ಹತ್ತಿಸಿದರೆ ಕೂಗು ಉದ್ದವಾಯಿತು, ಅಷ್ಟೇ. ಹಿಂದೆ ಖಜಾಂಚಿಯ ಭಾರ ಬೇರೆ. ಒಂಬತ್ತನೆಯದನ್ನು ದಾಟುವ ಹೊತ್ತಿಗೆ ಚಹಾದಂಗಡಿಯವರು ಅಂಗಡಿ ಬಿಟ್ಟು ಹೊರಗೆ ಬಂದು ನಿಂತಿದ್ದರು.

ಕಚೇರಿಗೆ ನುಗ್ಗಿದೆವು. ಮೇಜಿನ ಮೇಲೆ ಚಹಾದಿಂದ ಹೊಗೆ ಏಳುತ್ತಿತ್ತು. ಅರ್ಧ ಕಚ್ಚಿದ ಬಿಸ್ಕತ್ತು. ಕುರ್ಚಿ ಖಾಲಿ.

"ಎಲ್ಲಿ ನಿಮ್ಮ ಸಾಹೇಬರು?" ಅಂತ ಗುಡುಗಿದೆ.

ಜವಾನ, ವಯಸ್ಸಾದವನು, ಪಾಪ, ಸುಳ್ಳು ಹೇಳಲಿಲ್ಲ: "ನೀವು ನಾಲ್ಕನೇ ಬ್ರೇಕರಿನಲ್ಲಿದ್ದಾಗ ಹೊರಟ್ರು ಕಾಕಾ. ನಿಧಾನವಾಗಿಯೇ ಹೋದ್ರು. ಟೈಮ್ ಇತ್ತಲ್ಲ."

೬. ಸೇಠನ ಲೆಕ್ಕಾಚಾರ

ಕೂಗಿದರೆ ಕೂಗಲಿ ಅಂತ ಬಿಡುತ್ತಿದ್ದೆ. ಆದರೆ ಇನ್ನೊಂದು ಸಂಗತಿ ಇತ್ತು.

ಕೆಂಪು ಬುಷ್ ಹಾಕಿಸಿದ ಮೇಲೆ ಎರಡು ಸಲ ಕ್ಲಿನಿಕ್ಕಿಗೆ ಹೋದೆವು. ಹೆಂಡತಿ 'ಅಯ್ಯವ್ವ' ಅನ್ನುವುದನ್ನು ನಿಲ್ಲಿಸಿದ್ದಳು. ನೋಡು, ಗಟ್ಟಿ ಮಾಲಿನ ಗುಣ ಅಂತ ನಾನು ಒಳಗೊಳಗೇ ಹಿಗ್ಗಿದ್ದೆ. ಎರಡನೆಯ ಸಲ ಸಿಗ್ನಲ್ಲಿನಲ್ಲಿ ನಿಂತಾಗ ಅವಳ ಕಡೆ ನೋಡಿದೆ. ಬಾಗಿಲಿನ ಮೇಲಿನ ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದು, ಸೀಟಿನಿಂದ ಮೈ ಸ್ವಲ್ಪ ಎತ್ತಿ, ಹಲ್ಲು ಕಚ್ಚಿ ಕೂತಿದ್ದಳು. ಗೆಣ್ಣುಗಳು ಬೆಳ್ಳಗಾಗಿದ್ದವು.

"ಯಾಕ ಹೇಳ್ಲಿಲ್ಲ?"

"ಹೇಳಿದ್ರ ನೀವು ಯಾರ್ನಾರೆ ಹಿಡ್ದು ಬೈತಿದ್ರಿ. ನನಗ ಬೈಗಳ ಕೇಳೂ ತ್ರಾಣಾನೂ ಇಲ್ರಿ."

ಗಟ್ಟಿ ಬುಷ್ ಏಟನ್ನು ನುಂಗಿರಲಿಲ್ಲ. ಹಾಗೇ ಅವಳ ಬೆನ್ನಿಗೆ ದಾಟಿಸಿತ್ತು. ಮೂರನೆಯ ಸಲ ಅವಳು ಹೊರಡಲಿಲ್ಲ. ನಾಲ್ಕನೆಯ ಸಲವೂ ಇಲ್ಲ. "ಆಪರೇಷನ್ನ ಮಾಡಸ್ರಿ ಅತ್ಲಾಗ" ಅಂತ ಗೋಡೆಗೆ ಮುಖ ಮಾಡಿ ಮಲಗಿದಳು. ಫಿಸಿಯೊಥೆರಪಿಯ ಹುಡುಗಿ ಫೋನು ಮಾಡಿದಳು: "ಕಾಕಾ, ಎರಡು ದಿನ ತಪ್ಪಿದೆ. ಶನಿವಾರ ಐದು ಗಂಟೆಗೆ ಬರದಿದ್ದರೆ ನಾನು ದೊಡ್ಡ ಡಾಕ್ಟರಿಗೆ ಬರೆದು ಕೊಡಲೇಬೇಕಾಗುತ್ತೆ."

ಯಾರನ್ನು ಬೈಯಲಿ? ಸೇಠ್ ಬೇಡ ಅಂದಿದ್ದ. ಇಬ್ಬರು ಗಿರಾಕಿಗಳು ಬೇಡ ಅಂದಿದ್ದರು. ಉಸ್ತಾದ್ ಎಚ್ಚರಿಸಿದ್ದ. ಜೀವನದಲ್ಲಿ ಮೊದಲ ಸಲ ನನಗೆ ಎದುರಾಳಿಯೇ ಸಿಗಲಿಲ್ಲ.

ಶುಕ್ರವಾರ ಗಾಂಧಿಬಾಗಿಗೆ ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ, ಸೋತದ್ದನ್ನು ಸೋಲದ ಹಾಗೆ ಹೇಗೆ ಹೇಳುವುದು ಅಂತ. ಅಂಗಡಿಯ ಮೆಟ್ಟಿಲು ಹತ್ತುವ ಮೊದಲೇ ಸೇಠ್ ಕೆಳಗಿನ ಖಾನೆಯಿಂದ ಒಂದು ಪೊಟ್ಟಣ ತೆಗೆದು ಮುಂದಿಟ್ಟ. ಕಪ್ಪು ರಬ್ಬರಿನ ಜೋಡಿ. ದಾರ ಕಟ್ಟಿತ್ತು, ಮೇಲೆ ನನ್ನ ಗಾಡಿಯ ಹೆಸರೂ ಬರೆದಿತ್ತು.

"ಇದನ್ನು ಯಾವಾಗ ಕಟ್ಟಿಟ್ಟೆ?"

"ಅವತ್ತೇ ಕಾಕಾ. ಕೆಂಪು ಒಯ್ದ ಕುಟುಂಬಸ್ಥರು ವಾರದಲ್ಲಿ ವಾಪಸ್ ಬರ್ತಾರೆ. ನಿಮ್ಮ ಸಿಟ್ಟು ನೋಡಿ ನಿಮಗೆ ಎರಡು ವಾರ ಹಿಡಿದಿದ್ದೆ. ಜಲ್ದಿ ಬಂದ್ರಿ."

೭. ಭಾರ

ಶನಿವಾರ ಬೆಳಿಗ್ಗೆ ಉಸ್ತಾದನ ಗ್ಯಾರೇಜಿಗೆ ಹೋಗಿ, "ನಾನೂ ಕೈ ಹಚ್ಚುತ್ತೇನೆ" ಅಂದೆ. ಪ್ರಾಯಶ್ಚಿತ್ತ ಅಂತ ಹೇಳಲಿಲ್ಲ. ಅವನಿಗೆ ತಿಳಿಯಿತು. ಜಾಕ್ ಏರಿಸಿ ಗಾಲಿ ಬಿಚ್ಚಿದೆವು, ತೋಳು ಇಳಿಸಿದೆವು, ಕೆಂಪು ಬುಷ್ ಒತ್ತಿ ತೆಗೆದೆವು. ಉಸ್ತಾದ್ ಸಾಬೂನಿನ ನೀರು ಸವರಿ ಕಪ್ಪು ರಬ್ಬರನ್ನು ಪ್ರೆಸ್ಸಿಗೆ ಇಟ್ಟ. ಬೆಣ್ಣೆಯ ಹಾಗೆ ಒಳಗೆ ಹೋಗಿ ಕೂತಿತು. ಎರಡೂ ಕಡೆಯ ತೋಳು ತಿರುಗಿ ಏರಿಸುವಷ್ಟರಲ್ಲಿ ಮಧ್ಯಾಹ್ನ ಮೂರಾಯಿತು. ನಾನು ಪಾನಾ ಹಿಡಿದು ಬೋಲ್ಟನ್ನು ಬಿಗಿ ಮಾಡಲು ಮೈಯೆಲ್ಲ ಬಲ ಹಾಕಿದೆ.

"ನಿಲ್ಲಿಸಿ, ನಿಲ್ಲಿಸಿ!" ಅಂತ ಉಸ್ತಾದ್ ಕೈ ಹಿಡಿದ. "ಗಾಲಿ ಗಾಳಿಯಲ್ಲಿದೆ. ಈಗ ಬಿಗಿ ಮಾಡಿದರೆ ರಬ್ಬರು ಈ ಸ್ಥಿತಿಯಲ್ಲೇ ಅಂಟಿಕೊಳ್ಳುತ್ತೆ. ಗಾಡಿ ನೆಲಕ್ಕಿಳಿದ ಕೂಡಲೇ ತಿರುಚಿಕೊಳ್ಳುತ್ತೆ. ಆರು ತಿಂಗಳಿಗೆ ಹರಿದುಹೋಗುತ್ತೆ. ಮೊದಲು ಭಾರ ಬೀಳಬೇಕು, ಆಮೇಲೆ ಬಿಗಿ."

ಗಾಲಿ ಹಾಕಿ, ಜಾಕ್ ಇಳಿಸಿ, ಕಾರನ್ನು ಹೊಂಡದ ಮೇಲೆ ತಂದ. "ಬರೀ ಗಾಡಿಯ ಭಾರ ಸಾಕು ಅನ್ನುವವರೂ ಇದ್ದಾರೆ. ನನಗೆ ಕಲಿಸಿದವರು ಜನ ಕೂಡಿಸಿಯೇ ಬಿಗಿ ಮಾಡ್ತಿದ್ರು. ಎರಡು ಆಳು ಕೂಡಿಸಿ. ಅರ್ಧ ತಾಸು ಅಲ್ಲಾಡಬಾರದು."

ಅಲ್ಲಾಡದೆ ಕೂಡುವವರು! ಧರಣಿ ಕೂತು ಪಳಗಿದ ನಮ್ಮ ಸಮಿತಿಯಲ್ಲಿ ಅದೊಂದೇ ಸಾಮಾನು ಬೇಕಾದಷ್ಟಿದೆ. ಅಧ್ಯಕ್ಷರಿಗೆ ಫೋನು ಮಾಡಿ ಎಲ್ಲ ಬಿಡಿಸಿ ಹೇಳಿದೆ: ಬುಷ್, ಬೋಲ್ಟು, ಭಾರ, ಹೆಂಡತಿಯ ಐದು ಗಂಟೆ. ಕಾಲು ತಾಸಿನಲ್ಲಿ ಮೂವರೂ ಬಂದರು. ಎಲ್ಲ ತಿಳಿದಿದ್ದೂ ಬ್ಯಾನರು ತಂದಿದ್ದರು. ನೀರಿನ ಕ್ಯಾನು, ಜಮಖಾನ, ಸಣ್ಣ ಮೈಕು.

"ಇವೆಲ್ಲ ಯಾತಕ್ಕೆ?"

"ಕೂಡೋದು ಅಂದಮೇಲೆ ಕೈ ತಾನಾಗಿ ಇವನ್ನೇ ಎತ್ತಿಕೊಳ್ಳುತ್ತೆ ಭಾಯಿ," ಅಂದರು ಅಧ್ಯಕ್ಷರು. "ರೂಢಿ."

ಉಸ್ತಾದನಿಗೆ ಬೇಕಾದದ್ದು ಇಬ್ಬರು. ಯಾರು ಇಬ್ಬರು ಅನ್ನುವುದಕ್ಕೆ ಹತ್ತು ನಿಮಿಷ ಚರ್ಚೆಯಾಯಿತು. ಮುಂದಿನ ಸೀಟು ಅಧ್ಯಕ್ಷರದು ಅಂತ ಅಧ್ಯಕ್ಷರು. ಭಾರದ ಪ್ರಶ್ನೆ ಬಂದಾಗ ಹಿರಿತನ ನಡೆಯದು ಅಂತ ಖಜಾಂಚಿ. ಕೈ ಎತ್ತಿಸಿ ಮತ ಹಾಕಿಸೋಣ ಅಂತ ಸಲಹೆಗಾರರು. ಕೊನೆಗೆ ಹೊಂಡದೊಳಗಿಂದ ಉಸ್ತಾದ್ ಕೂಗಿದ: "ಖಜಾಂಚಿಯೊಬ್ಬರೇ ಇಬ್ಬರ ಸಮ. ಅವರು ಮುಂದೆ. ಅಧ್ಯಕ್ಷರು ಡ್ರೈವರಿನ ಸೀಟಿಗೆ. ಸಲಹೆಗಾರರು ಅಲ್ಲೇ ನಿಂತು ಸಲಹೆ ಕೊಡಲಿ."

ಕೂತರು. ಗಾಡಿ ಅಂಗೈಯಷ್ಟು ತಗ್ಗಿತು. ಉಸ್ತಾದ್ ಕೆಳಗೆ ಪಾನಾ ಹಾಕಿದ. ಎರಡು ನಿಮಿಷ ಎಲ್ಲ ಶಾಂತ. ಆಮೇಲೆ ಅಧ್ಯಕ್ಷರಿಗೆ ತಡೆಯಲಾಗಲಿಲ್ಲ. ಇಷ್ಟು ವರ್ಷ ಕೂತವರು ಎಂದೂ ಬಾಯಿ ಮುಚ್ಚಿ ಕೂತಿಲ್ಲ. ಕಿಟಕಿಯಿಂದ ಮುಷ್ಟಿ ಎತ್ತಿ "ನಮ್ಮ ಬೇಡಿಕೆ..." ಅಂದರು. "ಈಡೇರಲೇಬೇಕು!" ಅಂತ ಖಜಾಂಚಿ ನೂರಾ ಹತ್ತು ಕಿಲೊ ಸಮೇತ ಎಗರಿದ. ಗಾಡಿ ತೊಟ್ಟಿಲಾಯಿತು. ಕೆಳಗಿನಿಂದ ಪಾನಾ ಬಿದ್ದ ಸದ್ದು, ಅದರ ಹಿಂದೆ ಉಸ್ತಾದನ ನಾಲ್ಕು ಮಾತು. ಅವನ್ನು ಬರೆಯಲಾರೆ.

"ಘೋಷಣೆ ಬೇಕಾದರೆ ಕೂಗಿ," ಅಂದ ಕೊನೆಗೆ. "ಕೈ ಮಾತ್ರ ತೊಡೆಯ ಮೇಲಿರಲಿ."

ಕೈ ತೊಡೆಯ ಮೇಲಿಟ್ಟುಕೊಂಡು ಇಬ್ಬರೂ ಪ್ರಾರ್ಥನೆ ಹೇಳುವ ಹಾಗೆ ಘೋಷಣೆ ಹೇಳಿದರು. ಬೋಲ್ಟುಗಳು ಬಿಗಿಯಾದವು. ಉಸ್ತಾದ್ ಮೇಲೆ ಬಂದು ಕೈ ಒರೆಸಿಕೊಳ್ಳುತ್ತ ಹೇಳಿದ: "ಆಯ್ತು. ಇಳೀರಿ."

ಯಾರೂ ಇಳಿಯಲಿಲ್ಲ. ಅಧ್ಯಕ್ಷರು ಅನುಮಾನದಿಂದ ನೋಡಿದರು. "ಆಯ್ತಾ? ಇಷ್ಟು ಬೇಗ? ನಾವು ಕೂತಾಗ ಇಲ್ಲಿಯವರೆಗೆ ಯಾರೂ 'ಆಯ್ತು' ಅಂದಿಲ್ಲ. ಇದರಲ್ಲಿ ಏನೋ ಮೋಸ ಇದೆ."

"ಬರೆದು ಕೊಡಲಿ," ಅಂದ ಖಜಾಂಚಿ. "ಬರೆದು ಕೊಡದೆ ಏಳಬಾರದು ಅಂತ ನಮ್ಮ ನಿಯಮವೇ ಇದೆ."

ಗಂಟೆ ನಾಲ್ಕಾಗುತ್ತ ಬಂದಿತ್ತು. ಉಸ್ತಾದ್ ನನ್ನ ಮುಖ ನೋಡಿದ. ಕೆಂಪು ಬುಷ್ಷಿನ ಹಳೆಯ ಡಬ್ಬಿಯ ರಟ್ಟು ಹರಿದು, ಅದರ ಮೇಲೆ 'ಎರಡೂ ಬುಷ್ ಬದಲಿಸಲಾಗಿದೆ, ಬೋಲ್ಟು ಬಿಗಿ ಇದೆ' ಅಂತ ಬರೆದು, ಗ್ರೀಸಿನ ಹೆಬ್ಬೆಟ್ಟು ಒತ್ತಿ ಕೊಟ್ಟ. ಆಗ ಇಳಿದರು. ಗೆಲುವಿನ ಗುರುತಿಗೆ ಬ್ಯಾನರನ್ನು ಕಾರಿನ ಹಿಂಬದಿಗೆ ಕಟ್ಟಿಯೇ ಕಳಿಸಿದರು. ಬಿಚ್ಚಲು ನನಗೆ ಹೊತ್ತಿರಲಿಲ್ಲ.

ಮನೆಯಲ್ಲಿ ಹೆಂಡತಿ ಬರುವುದಿಲ್ಲ ಅಂದಳು. ನಾನು ವಾದ ಮಾಡಲಿಲ್ಲ. "ಚೌಕಿನ ತನಕ ಬಾ. ಒಂದ ಸಲ 'ಅಯ್ಯವ್ವ' ಅಂದ್ರ ಅಲ್ಲಿಂದ ತಿರಗಿಸ್ತೀನಿ" ಅಂದೆ. ಅಷ್ಟು ಮೆತ್ತಗೆ ನಾನು ಮಾತಾಡಿದ್ದು ನೋಡಿ ಗಾಬರಿಯಾಗಿ ಎದ್ದು ಬಂದಳು.

ಹೊರಟೆವು. ಮೊದಲ ಗುಂಡಿಗೆ 'ಧಡ್' ಇಲ್ಲ, ಬರೀ 'ಧುಬ್'. 'ಕ್ರೀಂಯ್' ಇಲ್ಲ. ಪಕ್ಕದಿಂದ ಸದ್ದಿಲ್ಲ. ಚೌಕು ದಾಟಿತು. ಮತ್ತೂ ಸದ್ದಿಲ್ಲ. ಹಿಂದಿನ ಸಲದ ಹಾಗೆ ಹಲ್ಲು ಕಚ್ಚಿ ಕೂತಿದ್ದಾಳೇನೋ. ನೋಡಲು ಧೈರ್ಯ ಬರಲಿಲ್ಲ. ಸಿಗ್ನಲ್ಲಿನಲ್ಲಿ ನಿಂತಾಗ ನೋಡಿದೆ. ಹಿಡಿಕೆ ಖಾಲಿ. ಕೈಗಳು ಮಡಿಲಲ್ಲಿ. ಬಾಯಿ ಸ್ವಲ್ಪ ತೆರೆದಿತ್ತು. ಗೊರಕೆ.

ಬೆನ್ನು ನೋಯಲು ಶುರುವಾದಾಗಿನಿಂದ ಅವಳು ನೆಟ್ಟಗೆ ನಿದ್ದೆ ಮಾಡಿರಲಿಲ್ಲ. ಎಬ್ಬಿಸುವುದು ಹೇಗೆ? ಕ್ಲಿನಿಕ್ ಬಂತು. ನಿಲ್ಲಿಸಿದರೆ ಎಚ್ಚರವಾದೀತು ಅಂತ ನಿಲ್ಲಿಸದೆ ಮುಂದೆ ಹೋದೆ. ಒಂದು ಸುತ್ತು ಹಾಕಿ ಬಂದೆ. ಇನ್ನೂ ಗೊರಕೆ. ಎರಡನೆಯ ಸುತ್ತು. ಮೂರನೆಯದಕ್ಕೆ ಕ್ಲಿನಿಕ್ಕಿನ ಗೇಟಿನಲ್ಲಿ ಜನ ಸೇರಿದ್ದು ಕಂಡಿತು. ಸೊಂಟಕ್ಕೆ ಪಟ್ಟಿ ಕಟ್ಟಿದ ಇಬ್ಬರು ರೋಗಿಗಳು, ಕಾಗದ ಹಿಡಿದ ರಿಸೆಪ್ಷನಿಸ್ಟ್, ಅವರ ಮುಂದೆ ಫಿಸಿಯೊಥೆರಪಿಯ ಹುಡುಗಿ, ಮುಖ ಬಿಳಿಚಿಕೊಂಡು. ನಾಲ್ಕನೆಯ ಸುತ್ತಿಗೆ ಅವಳು ರಸ್ತೆಗೇ ಇಳಿದು ಎರಡೂ ಕೈ ಚಾಚಿ ಗಾಡಿಯನ್ನು ಅಡ್ಡಗಟ್ಟಿದಳು.

"ಕಾಕಾ, ನನ್ನ ಮೇಲೆ ತಕರಾರಿದ್ದರೆ ಒಳಗೆ ಬಂದು ಹೇಳಿ. ಬ್ಯಾನರು ಕಟ್ಟಿಕೊಂಡು ಸುತ್ತು ಹಾಕ್ತಿದ್ದೀರಲ್ಲ, ನಾನೇನು ತಪ್ಪು ಮಾಡಿದೆ?"

ನಾನು ತುಟಿಯ ಮೇಲೆ ಬೆರಳಿಟ್ಟು ಪಕ್ಕದ ಸೀಟು ತೋರಿಸಿದೆ. ಅವಳು ಬಗ್ಗಿ ಗಾಜಿನೊಳಗೆ ನೋಡಿದಳು. ಬಹಳ ಹೊತ್ತು ನೋಡಿದಳು. ಗಡಿಯಾರ ನೋಡಿಕೊಂಡಳು. ಆಮೇಲೆ ರಸ್ತೆಯ ಪಕ್ಕಕ್ಕೆ ಸರಿದು, ಹಿಂದಿನಿಂದ ಹಾರ್ನ್ ಹೊಡೆಯುತ್ತಿದ್ದ ಸಿಟಿ ಬಸ್ಸಿನವನಿಗೆ 'ಶ್' ಅಂತ ಕೈ ಮಾಡಿ, ನನ್ನ ಕಿವಿಯ ಹತ್ತಿರ ಪಿಸುಗುಟ್ಟಿದಳು:

"ನನ್ನ ಟೇಬಲ್ಲಿಗಿಂತ ಇದೇ ಚಲೋ ಇದೆ. ಇನ್ನೆರಡು ಸುತ್ತು ಹೊಡೀರಿ ಕಾಕಾ, ಕಾಕೂ ಬಂದಿದ್ದಾರೆ ಅಂತ ನಾನು ಬರ್ಕೊಳ್ತೀನಿ."